ಕುಸ್ತಿ ಬಿಟ್ಟವನ ಖುರಾಕು

ಸಿದ್ದಾಪುರ, ಬೆಂಗಳೂರು
14-6-1982

ಚಿನ್ನಪ್ಪನಿಗೆ ನಿನ್ನ ಉಸ್ತಾದ್ ಪಿಳ್ಳಣ್ಣನ ಆಶೀರ್ವಾದ.

ಇಲ್ಲಿ ನಿಮ್ಮಮ್ಮ ಮುನಿಯಕ್ಕ, ಅವಳ ಎರಡು ಎಮ್ಮೆ, ನಾನು, ನನ್ನ ಹೊಟ್ಟೆ, ಎಲ್ಲರೂ ಚೆನ್ನಾಗಿದ್ದೇವೆ. ನೀನು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿಗೆ ಸೇರಿ ವರ್ಷವಾಯಿತು. ಗರಡಿಯಲ್ಲಿ ಹೊಸ ಹುಡುಗರು ಬಂದರೆ ಈಗಲೂ ನಿನ್ನ ಹೆಸರನ್ನೇ ಹೇಳುತ್ತೇನೆ. "ಕುಸ್ತಿ ಆಡಿ ಸೆಂಟ್ರಲ್ ಗೌರ್ಮೆಂಟ್ ಕೆಲಸ ಹೊಡ್ದ ಕಣ್ರೋ" ಎಂದು ಹೇಳಿ, ಸೇರಿದ ಆರೇ ತಿಂಗಳಿಗೆ ನೀನು ಮಂಡಿ ಮುರಿದುಕೊಂಡ ಕಥೆಯನ್ನು ಮಾತ್ರ ನುಂಗಿಕೊಳ್ಳುತ್ತೇನೆ. ಮಂಡಿ ಹೇಗಿದೆ? ಡಾಕ್ಟರು ಇನ್ನು ಅಖಾಡಕ್ಕೆ ಇಳಿಯಲೇಬಾರದು ಅಂದದ್ದು ಖಾಯಮ್ಮಾ, ಇಲ್ಲ ಹೆದರಿಸಿದ್ದಾ?

ನನ್ನ ಅಕ್ಷರ ನೋಡಿ ನಗಬೇಡ. ಸ್ಕೂಲು ನನ್ನನ್ನು ಮೂರನೇ ಕ್ಲಾಸಿಗೇ ಕೈಬಿಟ್ಟಿತು. ಆದರೂ ನಿಮ್ಮಮ್ಮನಿಗೆ ಓದಿ ಹೇಳುವುದಕ್ಕೆ, ಬರೆದು ಕೊಡುವುದಕ್ಕೆ ನಮ್ಮ ಬೀದಿಯಲ್ಲಿ ನಾನೇ ದೊಡ್ಡ ಪಂಡಿತ. ಜಯನಗರದ ಮನೆಗಳಿಗೆಲ್ಲ ಹಾಲು ಹಾಕಿ ಬಂದು ಈಗ ಗರಡಿ ಮೆಟ್ಟಿಲ ಮೇಲೆ ಕೂತಿದ್ದಾಳೆ. ಅವಳು ಹೇಳಿದ ಹಾಗೇ ಬರೆಯುತ್ತೇನೆ.

"ತುಪ್ಪದ ಡಬ್ಬ ರೈಲು ಗಾರ್ಡು ಮುನಿಯಣ್ಣನ ಕೈಲಿ ಕಳ್ಸಿದೀನಿ ಅಂತ ಬರಿ. ಮನೆ ಎಮ್ಮೇದು. ಅನ್ನದ ಮೇಲೆ ಚೂರು ಸವರ್ಕೊಂಡ್ರೆ ಆಗಲ್ಲ, ಮುಳುಗ್ಬೇಕು."

"ಅನ್ನ ಮುಳುಗ್ಬೇಕೋ, ಹುಡುಗ ಮುಳುಗ್ಬೇಕೋ?" ಅಂತ ಕೇಳಿದೆ.

"ಎರಡೂ. ನೀನು ಸುಮ್ನೆ ಬರಿ."

ಬರೆದಿದ್ದೇನೆ. ಪೈಲ್ವಾನನ ಮಿಕ್ಕ ಖುರಾಕು ನಿನಗೆ ಗೊತ್ತೇ ಇದೆ. ಬಾದಾಮಿ ನೆನೆಹಾಕು, ಮೊಟ್ಟೆ ಬಿಡಬೇಡ, ಭಾನುವಾರ ಕಾಲು ಸೂಪು ಕುಡಿ, ಯಾರ ದೃಷ್ಟಿಯೂ ತಾಗದ ಹಾಗೆ ನೋಡಿಕೋ. ಇಷ್ಟು ಹೇಳಿ ಎಮ್ಮೆ ಕಟ್ಟುವುದಕ್ಕೆ ಹೊರಟಳು.

ಇಂತಿ ನಿನ್ನ ಉಸ್ತಾದ್,
ಪಿಳ್ಳಣ್ಣ


ಹುಬ್ಬಳ್ಳಿ
2-8-1982

ಉಸ್ತಾದರಿಗೆ ಚಿನ್ನಪ್ಪನ ನಮಸ್ಕಾರ.

ತುಪ್ಪ ಬಂತು, ಮುಗಿದೂ ಹೋಯಿತು. ಅಮ್ಮನಿಗೆ ಹೇಳಿ. ಇಲ್ಲಿ ನನ್ನನ್ನು ಚಿನ್ನಪ್ಪ ಅನ್ನುವವರು ಯಾರೂ ಇಲ್ಲ, ಫೋರ್‌ಮನ್ ಕೂಡ "ಬೆಂಗ್ಳೂರ್ ಪೈಲ್ವಾನ್ರ" ಅನ್ನುತ್ತಾರೆ. ಜೊತೆಯ ಫಿಟ್ಟರ್ ಗುರುಶಾಂತಪ್ಪನಂತೂ ಎಲ್ಲೇ ಮದುವೆ, ಮುಂಜಿ ಇದ್ದರೂ ನನ್ನನ್ನು ಕರೆದುಕೊಂಡು ಹೋಗಿ ಪಂಕ್ತಿಯ ನಡುವೆ ಕೂರಿಸುತ್ತಾನೆ. ನಾನು ಉಣ್ಣುವುದನ್ನು ನೋಡುವುದಕ್ಕೆ ಜನ ಸೇರುತ್ತಾರೆ. ಬಡಿಸುವವರು ಸೋತು ಹೋಗುತ್ತಾರೆ. ಕಾರ್ತೀಕ ಕಳೆದ ಮೇಲೆ ಅವನ ತಂಗಿಯ ಮದುವೆ. ಅಲ್ಲಿ ಹೋಳಿಗೆ ಪಂದ್ಯ ಅಂತ ಈಗಲೇ ಮಾತಾಗಿದೆ. ಗದಗಿನ ಕಡೆಯಿಂದ ಒಬ್ಬ ಬರುತ್ತಾನಂತೆ. ಸಿದ್ದಾಪುರದ ಗರಡಿಯ ಮಾನ ಉಳಿಸುತ್ತೇನೆ.

ಈ ಹಾಳೆ ಅಮ್ಮನಿಗೆ ಓದಿ. ಮುಂದಿನದು ಬೇಡ.

ಉಸ್ತಾದರೇ, ಸ್ಟೇಷನ್ ಮೇಲ್ಸೇತುವೆ ಹತ್ತುವಾಗ ಎದೆಯ ಮೇಲೆ ಯಾರೋ ಕೂತ ಹಾಗಾಗುತ್ತದೆ. ನಿಂತರೆ ಹೋಗುತ್ತದೆ. ಗ್ಯಾಸು ಅಂತ ಸೋಡಾ ಕುಡಿಯುತ್ತಿದ್ದೆ. ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಮೆಡಿಕಲ್ ಇತ್ತು. ಡಾಕ್ಟರು ನನ್ನ ತೋಳಿಗೆ ಪಟ್ಟಿ ಕಟ್ಟಿ, ಗಾಳಿ ಹೊಡೆದು, ನೋಡಿ, ಬಿಚ್ಚಿ, ಮತ್ತೆ ಕಟ್ಟಿದರು. ನೂರ ಎಪ್ಪತ್ತಂತೆ. "ಇಪ್ಪತ್ತೇಳು ವರ್ಷಕ್ಕೆ ಇಷ್ಟು ಪ್ರೆಷರ್ ಇರ್ಬಾರ್ದು. ಸಿಗರೇಟು ಸೇದ್ತೀಯಾ?" ಅಂದರು. ಮಂಡಿ ಹೋದ ಮೇಲೆ ಬೇಜಾರಿಗೆ ಶುರುವಾಯಿತು, ಈಗ ದಿನಕ್ಕೊಂದು ಪ್ಯಾಕು. ನಿಮಗೆ ಹೇಳಿರಲಿಲ್ಲ. ಆಮೇಲೆ ಅಪ್ಪ ಎಷ್ಟು ವಯಸ್ಸಿಗೆ ಹೋದರು, ಯಾವುದರಿಂದ ಅಂತ ಕೇಳಿದರು. ಖುರಾಕು ತಪ್ಪಿ ಶಕ್ತಿ ಹೋಗಿ ಸತ್ತರು ಅಂದೆ. ಮನೆಯಲ್ಲಿ ಹಾಗೇ ತಾನೇ ಹೇಳುವುದು. ಡಾಕ್ಟರು ಪೆನ್ನು ಕೆಳಗಿಟ್ಟು, "ಅದು ಕಾಯಿಲೆ ಹೆಸರಲ್ಲ. ಸರಿಯಾಗಿ ತಿಳ್ಕೊಂಡು ಬಾ" ಅಂದರು.

ಆಗ ನನಗೆ ಏಳು ವರ್ಷ. ನೀವು ಪಕ್ಕದಲ್ಲೇ ಇದ್ದಿರಿ ಅಂತ ಕೇಳಿದ್ದೇನೆ. ಏನಾಯಿತು?

ಇಂತಿ ನಿಮ್ಮ ಶಿಷ್ಯ,
ಚಿನ್ನಪ್ಪ


ಸಿದ್ದಾಪುರ
16-8-1982

ಚಿನ್ನಪ್ಪನಿಗೆ ಆಶೀರ್ವಾದ, ಜೊತೆಗೆ ನಾಲ್ಕು ಬೈಗುಳ. ಸಿಗರೇಟಿಗೆ ಎರಡು, ಹೇಳದೆ ಇದ್ದದ್ದಕ್ಕೆ ಎರಡು. ಬೈಗುಳವನ್ನು ಪೋಸ್ಟಿನವರು ಒಪ್ಪುವುದಿಲ್ಲ, ಸಿಕ್ಕಾಗ ಕೊಡುತ್ತೇನೆ.

ನಿನ್ನ ಮೊದಲನೇ ಹಾಳೆಯನ್ನು ಮುನಿಯಕ್ಕನಿಗೆ ಓದಿದೆ. ಜನ ಸೇರುತ್ತಾರೆ ಅನ್ನುವಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಮೇಲೆ, "ಇನ್ನೊಂದು ಹಾಳೆ ಇದೆಯಲ್ಲ" ಅಂದಳು.

"ಅದು ವರ್ಕ್‌ಶಾಪ್ ವಿಷ್ಯ. ಗಾಲಿ, ಬೋಲ್ಟು."

"ಬೋಲ್ಟು ಓದೋವಾಗ ನಿನ್ ಮುಖ ಯಾಕೆ ಹಂಗಾಯ್ತು?"

"ಬೋಲ್ಟು ಸಡಿಲ ಆಗಿದೆಯಂತೆ" ಅಂದೆ. ನಂಬಿದಳೋ ಇಲ್ಲವೋ, ಎದ್ದು ಹೋದಳು.

ಈಗ ನೀನು ಕೇಳಿದ್ದು. ನಿಮ್ಮಪ್ಪ ಹನುಮಯ್ಯ ನನಗಿಂತ ದೊಡ್ಡವನು. ನಾನು ಗರಡಿಯ ಮಣ್ಣು ಹದ ಮಾಡುವ ಕಾಲಕ್ಕೆ ಅವನು ಲಾಲ್‌ಬಾಗ್ ಗೇಟಿನಿಂದ ಕೆರೆತನಕ ಹೆಸರು ಮಾಡಿದ್ದ. ಮದುವೆಯಾದ ಮೇಲೆ ಕುಸ್ತಿ ಬಿಟ್ಟ, ಮಾರ್ಕೆಟ್ಟಿನಲ್ಲಿ ಮೂಟೆ ಲೆಕ್ಕ ನೋಡುವ ಕೆಲಸಕ್ಕೆ ಸೇರಿದ. ಕೂತು ಮಾಡುವ ಕೆಲಸ. ಊಟ ಮಾತ್ರ ಪೈಲ್ವಾನನದೇ ಉಳಿಯಿತು, ಬಾಯಿಯಲ್ಲಿ ಯಾವಾಗಲೂ ಬೀಡಿ. ಅಷ್ಟರಲ್ಲಿ ಎಮ್ಮೆ ಮೇಯುತ್ತಿದ್ದ ಬಯಲೆಲ್ಲ ಜಯನಗರದ ಸೈಟುಗಳಾದವು. ಮೇವಿಲ್ಲ ಅಂತ ನಿಮ್ಮಮ್ಮ ಎಮ್ಮೆ ಮಾರಿಬಿಟ್ಟಳು. ತುಪ್ಪ ನಿಂತು ನಾಲ್ಕೈದು ತಿಂಗಳಿಗೆ ಅವನು ಹೋದ. ಬೀದಿಯೆಲ್ಲ ಎರಡನ್ನೂ ಸೇರಿಸಿ ಗಂಟು ಹಾಕಿತು. ಖುರಾಕು ತಪ್ಪಿತು, ದೇಹ ಒಳಗೇ ಒಣಗಿತು ಅಂದರು. ನಾನೂ ಅಂದೆ.

ಆದರೆ ಎಮ್ಮೆ ಮಾರುವುದಕ್ಕೆ ಮೊದಲೇ ಅವನು ನಡೆಯುತ್ತಾ ನಡೆಯುತ್ತಾ ನಿಲ್ಲುತ್ತಿದ್ದ, ಚಿನ್ನಪ್ಪ. ಎದೆ ಉಜ್ಜಿಕೊಳ್ಳುತ್ತಿದ್ದ. ಗ್ಯಾಸು ಅನ್ನುತ್ತಿದ್ದ, ಸೋಡಾ ಕುಡಿಯುತ್ತಿದ್ದ. ಆವತ್ತು ಬೆಳಿಗ್ಗೆ ಗರಡಿ ಮೆಟ್ಟಿಲ ಮೇಲೆ ಬಂದು ಕೂತ. ಮೈಯೆಲ್ಲ ಬೆವರು. ಎಡಭುಜ ಹಿಡಿದುಕೊಂಡಿದೆ ಅಂದ. ಗರಡಿಯವರಿಗೆ ಭುಜ ಅಂದರೆ ಉಳುಕು. ಎಣ್ಣೆ ಬಿಸಿ ಮಾಡಿ ನಾವೆಲ್ಲ ಸೇರಿ ತೀಡಿದೆವು. ತೀಡುತ್ತಿರುವಾಗಲೇ ಹೋದ. ನಲವತ್ತೊಂದು ವರ್ಷ ಅವನಿಗೆ. ಇದನ್ನು ನಿನ್ನ ಡಾಕ್ಟರಿಗೆ ಹೇಳು.

ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ಜಯನಗರ ಮೂರನೇ ಬ್ಲಾಕಿನ ಡಾಕ್ಟರ್ ಬದರಿನಾಥರ ಹತ್ತಿರ ನಾನೂ ಹೋಗಿದ್ದೆ.

"ಯಾರಿಗ್ರೀ ತೊಂದ್ರೆ?"

"ನನ್ ಶಿಷ್ಯನಿಗೆ ಸಾರ್. ಹುಬ್ಬಳ್ಳಿಲಿದಾನೆ."

"ಹುಬ್ಬಳ್ಳಿಲಿರೋನ ಎದೆ ಇಲ್ಲಿಂದ ಹೇಗ್ರೀ ನೋಡ್ಲಿ?"

"ದೊಡ್ಡ ಡಾಕ್ಟ್ರು ಅಂತ ಬೋರ್ಡ್ ಹಾಕಿದೀರಲ್ಲ ಸಾರ್."

ಅವರು ನಗಲಿಲ್ಲ, ಆದರೆ ಕುರ್ಚಿ ತೋರಿಸಿದರು. ಏನು ತಿನ್ನುತ್ತಾನೆ ಅಂತ ಕೇಳಿದರು. ನಾನು ಎದೆ ಉಬ್ಬಿಸಿಕೊಂಡು ನಮ್ಮ ಖುರಾಕು ಒಪ್ಪಿಸಿದೆ. ತುಪ್ಪ, ಬಾದಾಮಿ, ಡಜನ್ ಮೊಟ್ಟೆ, ಮಟನ್ನು, ಕೆನೆ ಹಾಲು.

"ಇದು ಊಟಾನೋ, ಮದ್ವೆ ಮನೆ ಉಗ್ರಾಣಾನೋ? ದಿನಾ ದಂಡ, ಬಸ್ಕಿ ಹೊಡೀತಾನಾ?"

"ಮಂಡಿ ಹೋಗಿದೆ ಸಾರ್. ಈಗ ಏನೂ ಇಲ್ಲ."

"ಮತ್ತೆ ಇದೆಲ್ಲ ಎಲ್ಲಿಗೆ ಹೋಗುತ್ತೆ?"

ಗರಡಿಗೆ ಸೇರುವವನಿಗೆ ಏನು ತಿನ್ನಬೇಕು ಅಂತ ಹೇಳಿಕೊಡುತ್ತೇವೆ. ಬಿಟ್ಟು ಹೋಗುವವನಿಗೆ ಹೇಳುವ ಪದ್ಧತಿಯೇ ನಮ್ಮಲ್ಲಿಲ್ಲ. ಡಾಕ್ಟರು ಹೇಳಿದ್ದು ಇಷ್ಟು. ಸಿಗರೇಟು ಇವತ್ತೇ ಬಿಡಬೇಕು. ತುಪ್ಪ, ಕರಿದದ್ದು, ಉಪ್ಪಿನಕಾಯಿ, ಹಪ್ಪಳ ಕಡಿಮೆಯಾಗಬೇಕು. ಮಂಡಿ ತಡೆಯುವಷ್ಟು ದಿನಾ ನಡೆಯಬೇಕು. ಕೊಟ್ಟ ಮಾತ್ರೆಯನ್ನು, ಚೆನ್ನಾಗಿದ್ದೇನೆ ಅನ್ನಿಸಿದ ದಿನವೂ ನುಂಗಬೇಕು. ಅಪ್ಪ ಹಾಗೆ ಹೋಗಿದ್ದರೆ ಮಗ ಇಪ್ಪತ್ತರಲ್ಲೇ ಹುಷಾರಾಗಬೇಕು, ನಲವತ್ತಕ್ಕೆ ನೋಡಿಕೊಳ್ಳೋಣ ಅನ್ನುವ ಹಾಗಿಲ್ಲ ಅಂದರು. ನನ್ನ ತೋಳಿಗೂ ಪಟ್ಟಿ ಕಟ್ಟಿದರು. ನನ್ನದು ಸರಿಯಾಗಿದೆಯಂತೆ, ಹೊಟ್ಟೆಗೆ ಮಾತ್ರ ವಾರ್ನಿಂಗ್ ಕೊಟ್ಟಿದ್ದಾರೆ.

ಹೋಳಿಗೆ ಪಂದ್ಯಕ್ಕೆ ಹೋಗಬೇಡ. ನನ್ನ ಗರಡಿಯ ಮಾನ ನಿನ್ನ ಹೊಟ್ಟೆಯೊಳಗಿಲ್ಲ.

ಇಂತಿ,
ಪಿಳ್ಳಣ್ಣ


ಹುಬ್ಬಳ್ಳಿ
10-10-1982

ಉಸ್ತಾದರಿಗೆ ನಮಸ್ಕಾರ.

ಅಪ್ಪನ ವಿಷಯ ಓದಿದೆ. ಡಾಕ್ಟರಿಗೆ ಹೇಳಿದೆ. ಮಾತ್ರೆ ಕೊಟ್ಟರು, ನೀವು ಬರೆದದ್ದನ್ನೇ ಹೇಳಿದರು. ಮಾತ್ರೆ ನುಂಗುತ್ತಿದ್ದೆ, ತಲೆ ಹಗುರವಾಯಿತು, ಬಿಟ್ಟೆ. ಸಿಗರೇಟು ಅರ್ಧ ಮಾಡಿದ್ದೇನೆ.

ಊಟದ ವಿಷಯ ಹೇಳುತ್ತೇನೆ, ಬೇಜಾರಾಗಬೇಡಿ. ಇಲ್ಲಿ ಕ್ಯಾಂಟೀನಿನಲ್ಲಿ ನಾನು ಕೂತರೆ ಮಾಣಿ ಕೇಳದೆ ಎರಡು ತಟ್ಟೆ ಇಡುತ್ತಾನೆ. ಆವತ್ತು ಒಂದು ತಟ್ಟೆ ಸಾಕು ಅಂದೆ. ಟೇಬಲ್ಲಿನವರೆಲ್ಲ ತಿರುಗಿ ನೋಡಿದರು. "ಯಾಕ್ರೀ ಪೈಲ್ವಾನ್ರ, ಆರಾಮಿಲ್ಲೇನು?" ಅಂದ ಗುರುಶಾಂತಪ್ಪ. ಎರಡನೇ ತಟ್ಟೆ ತರಿಸಿಕೊಂಡೆ. ಉಸ್ತಾದರೇ, ಕುಸ್ತಿ ಹೋಯಿತು. ಮಂಡಿ ಹೋಯಿತು. ಪೈಲ್ವಾನ ಅನ್ನಿಸಿಕೊಳ್ಳುವುದಕ್ಕೆ ನನಗೆ ಉಳಿದಿರುವುದು ತಟ್ಟೆ ಒಂದೇ. ಅದನ್ನೂ ಬಿಟ್ಟರೆ ನಾನು ಬರೀ ಫಿಟ್ಟರ್.

ಇನ್ನು ಅಮ್ಮನ ತುಪ್ಪ. ಬೇಡ ಅಂತ ಹೇಗೆ ಬರೆಯಲಿ? ಯಾಕೆ ಅಂತ ಕೇಳಿದರೆ ಅಪ್ಪನ ಕಥೆ ಹೇಳಬೇಕಾಗುತ್ತದೆ. ಗಂಡನಿಗೆ ತುಪ್ಪ ಇಲ್ಲದೆ ಹೋಯಿತು, ಮಗನಿಗೆ ತಪ್ಪಿಸಬಾರದು ಅಂತಲೇ ಅವಳು ಆಮೇಲೆ ಎಮ್ಮೆ ಕಟ್ಟಿದ್ದು. ಅದೆಲ್ಲ ಸುಳ್ಳು ಅಂತ ನಾನು ಹೇಳಲಾರೆ. ನೀವೂ ಹೇಳಬೇಡಿ.

ಇಂತಿ,
ಚಿನ್ನಪ್ಪ


ಸಿದ್ದಾಪುರ
1-11-1982

ಚಿನ್ನಪ್ಪನಿಗೆ,

ನೀನು ಹೇಳಬೇಡ ಅಂದದ್ದಕ್ಕೆ ಹೇಳಲಿಲ್ಲ. ತುಪ್ಪವನ್ನಾದರೂ ನಿಲ್ಲಿಸೋಣ ಅಂತ ಒಂದು ಉಪಾಯ ಮಾಡಿದೆ. ಡಬ್ಬ ತಂದುಕೊಟ್ಟಳು. ಗಾರ್ಡು ಮುನಿಯಣ್ಣ ರಜಾ ಹಾಕಿದ್ದಾನೆ, ಬರುವ ತಿಂಗಳು ನೋಡೋಣ ಅಂದೆ. "ಪಾಪ, ಏನಾಯ್ತು?" ಅಂದಳು. ಸುಳ್ಳು ಹೇಳುವವನು ಅಲ್ಲಿಗೆ ನಿಲ್ಲಿಸಬೇಕು. ನಾನು ಕಾಮಾಲೆ ಅಂದೆ.

ಮಾರನೇ ದಿನ ಅವಳು ಹಾಲು ಹಾಕುವುದಕ್ಕೆ ಹೋದರೆ ಮುನಿಯಣ್ಣ ನಾಲ್ಕನೇ ಬ್ಲಾಕ್ ಮಾರ್ಕೆಟ್ಟಿನಲ್ಲಿ ಹೂಕೋಸು ಆರಿಸುತ್ತಾ ನಿಂತಿದ್ದಾನೆ, ಕಲ್ಲುಗುಂಡಿನ ಹಾಗೆ. ಇವಳು ಹೋಗಿ ಅವನ ಕಣ್ಣ ರೆಪ್ಪೆ ಕೆಳಗೆಳೆದು ನೋಡಿದ್ದಾಳೆ. ಬಂದು ನನ್ನನ್ನು ಕೇಳಿದಳು.

"ಕಾಮಾಲೆ ಅಂದ್ಯಲ್ಲ?"

"ಬೇಗ ವಾಸಿಯಾಗಿರ್ಬೇಕು."

"ಡಬ್ಬ ಎಲ್ಲಿ?"

ಕೊಟ್ಟೆ. ಸೀದಾ ಸಿಟಿ ಸ್ಟೇಷನ್ನಿಗೆ ಹೋಗಿ ಅವಳೇ ರೈಲಿಗೆ ಹತ್ತಿಸಿ ಬಂದಳು. ಈ ಕಾಗದಕ್ಕಿಂತ ಮೊದಲೇ ಅದು ನಿನಗೆ ಸಿಕ್ಕಿರುತ್ತದೆ. ನನ್ನ ಜೊತೆ ಈಗ ಮಾತು ಕಡಿಮೆ. ತುಪ್ಪ ಕದ್ದು ತಿನ್ನುವುದಕ್ಕೆ ಇಟ್ಟುಕೊಂಡಿದ್ದೆ ಅಂತ ತಿಳಿದಿದ್ದಾಳೆ. ನನ್ನ ಹೊಟ್ಟೆಯ ಸೈಜು ನೋಡಿದರೆ ಯಾರೂ ಹಾಗೇ ತಿಳಿಯುತ್ತಾರೆ.

ಬರೀ ಫಿಟ್ಟರ್ ಅಂದೆಯಲ್ಲ. ರೈಲಿನಲ್ಲಿ ಕೂತವರು ನೀನು ಬಿಗಿ ಮಾಡಿದ ಗಾಲಿಯ ಮೇಲೆ ನಂಬಿಕೆಯಿಟ್ಟು ನಿದ್ದೆ ಮಾಡುತ್ತಾರೆ. ನಾನು ಇಷ್ಟು ವರ್ಷ ಪೈಲ್ವಾನರನ್ನು ತಯಾರು ಮಾಡಿದೆ, ನಮ್ಮನ್ನು ನಂಬಿ ಯಾರೂ ನಿದ್ದೆ ಮಾಡಲಿಲ್ಲ. ಮಾತ್ರೆ ಬಿಟ್ಟೆ ಅಂತ ಇನ್ನೊಂದು ಸಲ ಬರೆದರೆ ನಾನೇ ಬಂದು ಬಾಯಿಗೆ ಹಾಕುತ್ತೇನೆ, ಎಮ್ಮೆಗೆ ಬಿದಿರಿನ ಕೊಳವೆಯಲ್ಲಿ ಔಷಧಿ ಹೊಯ್ಯುವ ಹಾಗೆ. ಹೋಳಿಗೆ ಪಂದ್ಯ ಬೇಡ. ಇದು ಉಸ್ತಾದನ ಮಾತು.

ಪಿಳ್ಳಣ್ಣ


(ಕಾರ್ಡು)
ಸಿದ್ದಾಪುರ
7-1-1983

ಚಿನ್ನಪ್ಪನಿಗೆ,
ಎರಡು ತಿಂಗಳಾಯಿತು, ಕಾಗದವಿಲ್ಲ. ಮುನಿಯಕ್ಕ ದಿನಾ ಪೋಸ್ಟ್‌ಮ್ಯಾನ್ ಹಿಂದೆ ಬೀದಿಯ ತುದಿತನಕ ಹೋಗುತ್ತಾಳೆ. ಬೈಯುವುದಕ್ಕಾದರೂ ಎರಡು ಸಾಲು ಬರೆ.
ಪಿಳ್ಳಣ್ಣ


ಹುಬ್ಬಳ್ಳಿ
20-2-1983

ಉಸ್ತಾದರಿಗೆ ನಮಸ್ಕಾರ.

ಕಾರ್ಡು ಬಂದಿತ್ತು. ನೀವು ಹೇಳಿದ್ದು ಯಾವುದನ್ನೂ ಮಾಡಿರಲಿಲ್ಲ, ಮುಖ ತೋರಿಸುವುದಕ್ಕೆ ನಾಚಿಕೆಯಾಗಿ ಬರೆಯಲಿಲ್ಲ. ಈಗ ಬರೆಯಲೇಬೇಕು.

ಗುರುಶಾಂತಪ್ಪನ ತಂಗಿಯ ಮದುವೆ ಮುಂದಕ್ಕೆ ಹೋಗಿ ಈ ತಿಂಗಳು ಆಯಿತು. ನಾನು ಪಂದ್ಯಕ್ಕೆ ಕೂತೆ. ನೀವು ಬೇಡ ಅಂದದ್ದು ನೆನಪಿತ್ತು, ಆದರೂ ಕೂತೆ. ಗದಗಿನವನು ನನಗಿಂತ ಚಿಕ್ಕವನು, ಗರಡಿಗೆ ಇನ್ನೂ ಹೋಗುತ್ತಾನೆ. ನಮ್ಮಿಬ್ಬರ ನಡುವೆ ತುಪ್ಪದ ಕೊಳಗ ಇಟ್ಟಿದ್ದರು. ಸುತ್ತ ಜನ. "ಹಾಕಸ್ಕೋರಿ ಪೈಲ್ವಾನ್ರ, ಇನ್ನೊಂದು ಹಾಕಸ್ಕೋರಿ" ಅಂತ ಗುರುಶಾಂತಪ್ಪ ಬೆನ್ನು ತಟ್ಟುತ್ತಿದ್ದ. ನಾನು ಮುಂದಿದ್ದೆ. ಆಮೇಲೆ ಎದೆಯ ಮೇಲೆ ಕೂರುತ್ತಿದ್ದವನು ಬಂದು ಕೂತ. ಈ ಸಲ ಏಳಲಿಲ್ಲ. ಮೈ ಬೆವರಿತು. ಎಡಭುಜ ಹಿಡಿದುಕೊಂಡಿತು.

ಯಾರೋ ಒಬ್ಬರು ಉಳುಕಿರಬೇಕು, ಎಣ್ಣೆ ತನ್ನಿ ಅಂದರು.

ನನಗೆ ನಿಮ್ಮ ಕಾಗದ ನೆನಪಾಯಿತು. "ಎಣ್ಣೆ ಬೇಡ, ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ" ಅಂದೆ. ಅಷ್ಟೇ ಮಾತು ಬಂದದ್ದು. ಗುರುಶಾಂತಪ್ಪ ಮದುಮಗನ ಕಾರಿನಿಂದ ಹೂವಿನ ಹಾರ ಕಿತ್ತು ಬಿಸಾಕಿ ನನ್ನನ್ನು ಅದರಲ್ಲೇ ಹಾಕಿಕೊಂಡು ಹೋದ.

ವಾರ ಇಟ್ಟುಕೊಂಡಿದ್ದರು. ಎದೆಗೆ ವೈರು ಅಂಟಿಸಿ ಗ್ರಾಫು ತೆಗೆದರು. ಇದು ಪೂರ್ತಿ ಅಟ್ಯಾಕ್ ಅಲ್ಲವಂತೆ, ಅದರ ಬಾಗಿಲಿನತನಕ ಹೋಗಿ ಬಂದದ್ದಂತೆ. ಹೃದಯಕ್ಕೆ ಇನ್ನೂ ಏಟು ಬಿದ್ದಿಲ್ಲ. "ಎಣ್ಣೆ ಹಚ್ಕೊಂಡು ಮಲಗಿದ್ರೆ ನಾನು ಇವತ್ತು ನಿನ್ನ ಜೊತೆ ಮಾತಾಡ್ತಿರ್ಲಿಲ್ಲ. ಈಗಿಂದ ಸರಿಯಾಗಿದ್ರೆ ಮುದುಕ ಆಗ್ತೀಯ. ಇಲ್ದಿದ್ರೆ ನಿಮ್ಮಪ್ಪನ ವಯಸ್ಸೂ ಮುಟ್ಟಲ್ಲ" ಅಂದರು ಡಾಕ್ಟರು. ಬೆದರಿಸುವ ದನಿಯಲ್ಲಿ ಹೇಳಲಿಲ್ಲ, ರೈಲು ಎಷ್ಟು ಗಂಟೆಗೆ ಅಂತ ಹೇಳುವ ಹಾಗೆ ಹೇಳಿದರು. ಅದಕ್ಕೇ ಹೆದರಿಕೆಯಾಯಿತು.

ನನಗೆ ಸಾಯುವುದಕ್ಕೆ ಇಷ್ಟವಿಲ್ಲ ಉಸ್ತಾದರೇ. ಇಷ್ಟು ನೇರವಾಗಿ ಯಾರಿಗೂ ಹೇಳಿರಲಿಲ್ಲ.

ಮೊನ್ನೆ ತುಪ್ಪದ ಡಬ್ಬ ಮತ್ತೆ ಬಂತು. ರೂಮಿನಲ್ಲಿ ಅದನ್ನು ನೋಡುತ್ತಾ ಕೂತಿದ್ದೆ. ಅಮ್ಮನಿಗೆ ನೀವೇ ಹೇಳಿ. ಎಲ್ಲವನ್ನೂ. ನನ್ನ ಕೈಲಾಗುವುದಿಲ್ಲ.

ಇಂತಿ,
ಚಿನ್ನಪ್ಪ


ಸಿದ್ದಾಪುರ
3-3-1983

ಚಿನ್ನಪ್ಪನಿಗೆ ಆಶೀರ್ವಾದ.

ಹೇಳಿದೆ.

ಕಾಗದ ಬಂದ ಮೇಲೆ ಎರಡು ದಿನ ಗರಡಿಯಲ್ಲೇ ಸುತ್ತಾಡಿದೆ. ಹುಡುಗರಿಗೆ ಸುಮ್ಮಸುಮ್ಮನೆ ಬೈದೆ. ಮೂರನೇ ದಿನ ಬೆಳಿಗ್ಗೆ ಅವಳ ಕೊಟ್ಟಿಗೆಗೆ ಹೋದೆ. ಹಾಲು ಕರೆಯುತ್ತಿದ್ದಳು. ಬಾಗಿಲಲ್ಲಿ ನಿಂತು, ನಿನ್ನ ಎದೆನೋವಿನಿಂದ ಹಿಡಿದು ಆಸ್ಪತ್ರೆತನಕ ಒಂದೇ ಉಸಿರಿಗೆ ಹೇಳಿದೆ. ಈಗ ಚೆನ್ನಾಗಿದ್ದಾನೆ ಅನ್ನುವುದನ್ನು ಮೊದಲು ಹೇಳಬೇಕಿತ್ತು, ಕೊನೆಗೆ ಹೇಳಿದೆ. ಅವಳು ಕರೆಯುವುದನ್ನು ನಿಲ್ಲಿಸಲಿಲ್ಲ.

"ಅವರಪ್ಪನಿಗೂ ಇದೇನಾ?" ಅಂದಳು.

"ಇದೇ."

"ತುಪ್ಪ ಇಲ್ದೆ ಹೋಗಿದ್ದಲ್ವಾ?"

"ಅಲ್ಲ ಮುನಿಯಕ್ಕ. ತುಪ್ಪ ಇದ್ದಿದ್ರೂ ಹೋಗ್ತಿದ್ದ. ಇದ್ದಿದ್ರೆ ಇನ್ನೂ ಬೇಗ ಹೋಗ್ತಿದ್ನೋ ಏನೋ."

ಆಗ ಕೈ ನಿಂತಿತು. "ನಿಂಗೆ ಯಾವಾಗಿಂದ ಗೊತ್ತು?"

"ಆಗಸ್ಟಿಂದ."

"ಆಗಸ್ಟಿಂದ ನಾನು ಡಬ್ಬ ತುಂಬೋದ್ನ ನೀನು ನೋಡ್ಕೊಂಡು ಕೂತಿದ್ದೆ."

"ಒಂದ್ಸಲ ನಿಲ್ಸಿದೆ. ನೀನು ಕಾಮಾಲೆ ಕಂಡುಹಿಡಿದುಬಿಟ್ಟೆ."

ಅವಳು ನಗಲಿಲ್ಲ. ನನಗೂ ಆ ಹೊತ್ತಿಗೆ ಬೇರೆ ಏನೂ ತೋಚಲಿಲ್ಲ. ಹಾಲಿನ ಬಕೆಟ್ಟು ಪಕ್ಕಕ್ಕಿಟ್ಟು ಅಲ್ಲೇ ಹುಲ್ಲಿನ ಮೇಲೆ ಕೂತಳು. ಬಿಕ್ಕಿ ಬಿಕ್ಕಿ ಅಳುತ್ತಾಳೆ, ನನ್ನ ಮುಖಕ್ಕೆ ಸಗಣಿ ಎಸೆಯುತ್ತಾಳೆ ಅಂತೆಲ್ಲ ತಯಾರಾಗಿ ಹೋಗಿದ್ದೆ. ಕೊನೆಗೆ ಅವಳು ಹೇಳಿದ್ದು ಬೇರೆ.

"ಎಮ್ಮೆ ಮಾರ್ದವಳು ನಾನು. ನಮ್ಮತ್ತೆ ಅಂದ್ಳು, ನೀನು ಎಮ್ಮೆ ಮಾರ್ಲಿಲ್ಲ, ನನ್ ಮಗನ್ನ ಮಾರ್ದೆ ಅಂತ. ಅವಳು ಸಾಯೋವರ್ಗೂ ಅಂದ್ಳು. ನಾನು ಒಂದಿನಾನೂ ಎದುರು ಮಾತಾಡ್ಲಿಲ್ಲ. ಹೌದು ಅಂತ ನಾನೂ ನಂಬಿದ್ದೆ, ಪಿಳ್ಳಣ್ಣ. ಇಪ್ಪತ್ತು ವರ್ಷ."

ಎಮ್ಮೆಯ ಕಡೆ ನೋಡುತ್ತಾ, "ಹಂಗಾದ್ರೆ ನಾನಲ್ಲ" ಅಂದಳು.

"ನೀನಲ್ಲ."

"ಇನ್ನೊಂದ್ಸಲ ಹೇಳು."

ಹೇಳಿದೆ. ಆಮೇಲೆ ಅತ್ತಳು. ಆದರೆ ಅದು ನಾವು ಹೆದರಿದ್ದ ಅಳು ಅಲ್ಲ, ಚಿನ್ನಪ್ಪ. ಮೂಟೆ ಇಳಿಸಿದವರು ಉಸಿರು ಬಿಡುತ್ತಾರಲ್ಲ, ಹಾಗಿತ್ತು. ಇದನ್ನು ಹೇಳಿದರೆ ಅವಳು ಮುರಿದು ಹೋಗುತ್ತಾಳೆ ಅಂತ ನೀನೂ ನಾನೂ ಆರು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದೆವು.

ಕಣ್ಣೊರೆಸಿಕೊಂಡು ಎದ್ದು ಒಂದು ಲೋಟ ಹಾಲು ಬಗ್ಗಿಸಿ ಕೊಟ್ಟಳು. ಬಾಯಿಗಿಡುವಷ್ಟರಲ್ಲಿ ಕಿತ್ತುಕೊಂಡಳು. "ನಿಂಗೂ ಹೊಟ್ಟೆ ಬಂದಿದೆ. ಕೆನೆ ತೆಗ್ದು ಕೊಡ್ತೀನಿ ಇರು" ಅಂದಳು. ಹೋಗಿ ಡಾಕ್ಟರ್ ಬದರಿನಾಥರ ಮನೆಗೆ ಹಾಲು ಹಾಕುವಾಗ ಅವರನ್ನು ಗೇಟಿನಲ್ಲೇ ನಿಲ್ಲಿಸಿಕೊಂಡು ಏನೇನೋ ಕೇಳಿದ್ದಾಳೆ. ಅವರು ಆವತ್ತು ಕ್ಲಿನಿಕ್ಕಿಗೆ ಲೇಟಾಗಿ ಹೋದರಂತೆ.

ನಿನ್ನ ರೂಮಿನಲ್ಲಿರುವ ಡಬ್ಬವನ್ನು ಗದಗಿನವನಿಗೆ ಕೊಡು. ಅವನು ಇನ್ನೂ ದಂಡ ಹೊಡೆಯುತ್ತಾನೆ. ಆದರೆ ಅಖಾಡ ಬಿಡುವ ದಿನ ಏನೇನು ಬಿಡಬೇಕು ಅಂತ ಅವನಿಗೆ ಈಗಲೇ ಹೇಳಿಡು. ನಾನೂ ಇಲ್ಲಿ ನನ್ನ ಹುಡುಗರಿಗೆ ಹೇಳುವುದಕ್ಕೆ ಶುರು ಮಾಡಿದ್ದೇನೆ. ಬಂದ ದಿನವೇ ಹೋಗುವ ಮಾತಾಡುತ್ತೀರಲ್ಲ ಅಂತ ಒಬ್ಬ ಕೇಳಿದ. ಒಂದು ಧೋಬಿಪಾಟ್ ಪಟ್ಟು ಹಾಕಿ, ನೆಲಕ್ಕೆ ಕೆಡವಿ ಉತ್ತರ ಕೊಟ್ಟೆ.

ಇಂತಿ,
ಪಿಳ್ಳಣ್ಣ


ಹುಬ್ಬಳ್ಳಿ
26-6-1983

ಉಸ್ತಾದರಿಗೂ ಅಮ್ಮನಿಗೂ ನಮಸ್ಕಾರ. ಈ ಕಾಗದದಲ್ಲಿ ಎಲ್ಲ ಹಾಳೆಯನ್ನೂ ಓದಬಹುದು.

ಸಿಗರೇಟು ಎರಡು ಸಲ ಬಿಟ್ಟು ಎರಡು ಸಲ ಹಿಡಿದೆ. ಮೂರನೇ ಸಲ ಬಿಟ್ಟದ್ದು ಇನ್ನೂ ಬಿಟ್ಟೇ ಇದೆ. ಮಾತ್ರೆ ತಪ್ಪಿಸಿಲ್ಲ. ಪ್ರೆಷರ್ ಇಳಿದಿದೆ, ಆದರೂ ನುಂಗು ಅಂದಿದ್ದಾರೆ. ಬೆಳಿಗ್ಗೆ ಉಣಕಲ್ ಕೆರೆತನಕ ನಡೆಯುತ್ತೇನೆ. ಗುರುಶಾಂತಪ್ಪನೂ ಬರುತ್ತಾನೆ. "ನಾನಽ ಉಣಿಸಿ ಕೆಡಿಸಿದೆ, ನಾನಽ ನಡಿಸಿ ಸುದ್ದ ಮಾಡ್ತೀನಿ" ಅನ್ನುತ್ತಾನೆ. ಮೇಲ್ಸೇತುವೆಯನ್ನು ನಿಲ್ಲದೆ ಹತ್ತುತ್ತೇನೆ.

ಕ್ಯಾಂಟೀನಿನಲ್ಲಿ ಒಂದು ವಾರ ನಗಾಡಿದರು. ಈಗ ಮರೆತಿದ್ದಾರೆ. ಮೊನ್ನೆ ಹೊಸಬನೊಬ್ಬ ಬಂದು, "ಇಲ್ಲಿ ಚಿನ್ನಪ್ಪ ಅನ್ನೋ ಫಿಟ್ಟರ್ ಯಾರು?" ಅಂತ ಕೇಳಿದ. ನಾನೇ ಅಂದೆ. ಕೇಳುವುದಕ್ಕೆ ಅಷ್ಟೇನೂ ಕೆಟ್ಟದಾಗಿರಲಿಲ್ಲ.

ಅಮ್ಮ ಸಿಟ್ಟಾಗಿದ್ದಾಳಾ? ಅವಳ ಮಾತು ಒಂದೂ ಬಂದಿಲ್ಲ.

ಇಂತಿ,
ಚಿನ್ನಪ್ಪ


ಸಿದ್ದಾಪುರ
10-7-1983

ಚಿನ್ನಪ್ಪ, ಇದು ಪೂರ್ತಿ ನಿಮ್ಮಮ್ಮನ ಕಾಗದ. ನಾನು ನನ್ನ ಮಾತು ಸೇರಿಸಬಾರದು ಅಂತ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ಇನ್ನು ಮುಂದೆ ಅವಳೇ.

ಮಗಾ, ನಂಗೆ ಸಿಟ್ಟಿಲ್ಲ. ಇತ್ತು, ಹೋಯ್ತು. ಎರಡನೇ ಹಾಳೆ ಮುಚ್ಚಿಟ್ಟಿದ್ದಕ್ಕೆ ಪಿಳ್ಳಣ್ಣನ ಮೇಲೆ ಮಾತ್ರ ಇನ್ನೂ ಚೂರು ಐತೆ, ಅದು ಅವ್ನಿಗೆ ಒಳ್ಳೇದು.

ಇಷ್ಟು ದಿನ ಯಾಕೆ ಬರೆಸ್ಲಿಲ್ಲ ಅಂದ್ರೆ, ಏನ್ ಬರೆಸೋದು ಅಂತ ಗೊತ್ತಾಗ್ಲಿಲ್ಲ. ತುಪ್ಪ ಕಳ್ಸಿದೀನಿ ಅನ್ನೋದು ಬಿಟ್ರೆ ನಾನು ಯಾವತ್ತೂ ಏನೂ ಬರೆಸಿರ್ಲಿಲ್ಲ. ಅದು ಹೋದ್ಮೇಲೆ ಬಾಯೇ ಹೋದಂಗಾಯ್ತು. ಹುರುಳಿಕಾಳು ಕಳ್ಸಿದೀನಿ, ಹಸಿರು ಸೊಪ್ಪು ಅಲ್ಲೇ ತಗೋ. ಉಪ್ಪಿನಕಾಯಿ ಕಳ್ಸಲ್ಲ, ಕೇಳ್ಬೇಡ. ರಾಗಿ ಹಿಟ್ಟು ಮುನಿಯಣ್ಣ ತರ್ತಾನೆ. ಊಟ ಆಯ್ತಾ ಅಂತ ಇನ್ಮೇಲೆ ಕೇಳಲ್ಲ. ನಡೆದ್ಯಾ ಅಂತ ಕೇಳ್ತೀನಿ.

ನಿನ್ ಮದ್ವೆ ಮಾತು ಬಂದಿದೆ, ವಸಂತಪುರದ ಕಡೆ ಹುಡುಗಿ. ಅವರ ಮನೆಯವರಿಗೆ ಎಲ್ಲಾ ಹೇಳ್ದೆ. ಅವ್ನಿಗೆ ಪ್ರೆಷರ್ ಐತೆ, ಅವರಪ್ಪ ಹಿಂಗೆ ಹೋದ್ರು, ಮಾತ್ರೆ ತಿಂತಾನೆ, ಮದ್ವೇಲಿ ಹೋಳಿಗೆ ಬಲವಂತ ಮಾಡೋಹಂಗಿಲ್ಲ ಅಂತ. ಜೊತೆಗೆ ಬಂದಿದ್ದ ನೆರೆಮನೆ ಪಾರ್ವತಮ್ಮ ಪಕ್ಕದಲ್ಲಿ ಕೂತು ಗಿಲ್ಲಿದ್ಳು, ಇದೆಲ್ಲ ಯಾಕೆ ಹೇಳ್ತೀಯ ಅಂತ. ಮುಚ್ಚಿಟ್ಟಿದ್ದು ಸಾಕು ಅಂದೆ. ಅವ್ರು ಯೋಚ್ನೆ ಮಾಡಿ ಹೇಳ್ತಾರಂತೆ. ಬೇಡ ಅಂದ್ರೆ ಬೇಡ, ಬೇರೆ ನೋಡಣ.

ನಿಮ್ಮಪ್ಪ ನಲವತ್ತೊಂದಕ್ಕೆ ನಿಂತ್ಬಿಟ್ರು. ನಾನು ಈಗ ಅವ್ರಿಗಿಂತ ದೊಡ್ಡೋಳಾಗಿದೀನಿ, ಕನಸಲ್ಲಿ ಬಂದ್ರೆ ಸಣ್ ಹುಡುಗನ ಥರ ಕಾಣ್ತಾರೆ. ನಂಗೆ ನಿನ್ನಿಂದ ಬೇರೆ ಏನೂ ಬೇಡ. ನೀನು ನಲವತ್ತೆರಡು ಆಗು. ನಿಮ್ಮಪ್ಪನಿಗಿಂತ ದೊಡ್ಡೋನಾಗಿರೋ ಮಗನ್ನ ನಾನು ಕಣ್ಣಾರೆ ನೋಡ್ಬೇಕು. ಆಮೇಲೆ ನಲವತ್ಮೂರು ಆಗು. ನಲವತ್ನಾಲ್ಕು.

ಇಂತಿ ನಿನ್ನ ಅಮ್ಮ,
ಮುನಿಯಕ್ಕ

ಆಣೆ ಮುರಿಯುತ್ತಿದ್ದೇನೆ. ಎಲ್ಲಿಗೆ ನಿಲ್ಲಿಸಲಿ ಅಂತ ಕೇಳಿದೆ. ನಿಲ್ಲಿಸಬೇಡ ಅನ್ನುತ್ತಿದ್ದಾಳೆ. ಎಣಿಸುತ್ತಾ ಐವತ್ತಾರಕ್ಕೆ ಬಂದಿದ್ದಾಳೆ, ಹಾಳೆ ಮುಗಿಯಿತು.
ಪಿಳ್ಳಣ್ಣ